ನಿನ್ನ ಹಾಳೆ ನಿನಗೇ

ಇಲಕಲ್ಲ
ಶನಿವಾರ, ೧೭ ಜನವರಿ ೨೦೦೯

ನನ್ನ ಮೇಲೆ ಇನ್ನೂ ಸಿಟ್ಟು ಇಟ್ಟುಕೊಂಡಿರುವ ಅಲೀಮಾಳಿಗೆ,

ಲಕೋಟೆಯನ್ನು ಅಂಟಿಸಿದ್ದು ಸಾಲದೆಂದು ಅದರ ಬಾಯಿಗೆ ಸೆರಗಿನ ಕೆಂಪು ರೇಷ್ಮೆ ಎಳೆಯಿಂದ ಹೊಲಿಗೆಯನ್ನೂ ಹಾಕಿದ್ದೇನೆ. ಅಂಚೆಯವನು ನಕ್ಕರೆ ನಗಲಿ. ಹೊಲಿಗೆ ಹರಿದದ್ದು ಕಂಡರೆ ನಿನಗಿಂತ ಮೊದಲು ಬೇರೆ ಯಾರೋ ಓದಿದ್ದಾರೆಂದು ತಿಳಿ. ಸರಿಯಾಗಿದ್ದರೆ ಕತ್ತರಿ ತೆಗೆದುಕೊಂಡು ನೀನೇ ಬಿಚ್ಚು. ಒಬ್ಬಳೇ ಕುಳಿತು ಮನಸ್ಸಿನಲ್ಲೇ ಓದು. ಜೋರಾಗಿ ಓದಬೇಡ ಎಂದು ಹೇಳುತ್ತಿರುವವಳು ನಾನು, ಮಹಾನಂದಾ. ನಿನಗೆ ಇದನ್ನು ನೋಡಿ ನಗು ಬರುತ್ತದೋ ಸಿಟ್ಟು ಬರುತ್ತದೋ ನನಗೆ ಗೊತ್ತಿಲ್ಲ.

ಐದು ವರ್ಷ ಸುಮ್ಮನಿದ್ದವಳು ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ಕೇಳುತ್ತೀ. ಮೊನ್ನೆ ಗುರುವಾರ ಅಂಗಡಿಗೆ ಒಬ್ಬ ಮನುಷ್ಯ ಬಂದಿದ್ದ. ಅಂಗಡಿ ಅದೇ: ಅತ್ತ ಫೋನಿನ ಡಬ್ಬಿ, ಇತ್ತ ಜೆರಾಕ್ಸ್, ಒಳಗೆ ಎರಡು ಇದ್ದ ಕಂಪ್ಯೂಟರು ಈಗ ಐದಾಗಿವೆ, ಅಷ್ಟೇ. ಬಂದವನದು ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಫೈಲು. ಯಾವ ಆಫೀಸಿನವರೆಂದು ಕೇಳಿದರೆ ‘ಸರಕಾರದಾಗಿಂದ’ ಎಂದ, ಮುಂದೆ ಹೇಳಲಿಲ್ಲ. ಹೋದ ನವೆಂಬರಿನಲ್ಲಿ ಮುಂಬೈಯಲ್ಲಿ ಆ ಮೂರು ದಿನದ ದಾಳಿ ಆದಮೇಲೆ ಇಂಟರ್ನೆಟ್ ಅಂಗಡಿಗಳಿಗೆಲ್ಲ ಇಂಥವರು ಬರುತ್ತಿದ್ದಾರಂತೆ. ಯಾರು ಯಾವ ಕಂಪ್ಯೂಟರಿನ ಮುಂದೆ ಕೂತರು, ಅವರ ಗುರುತಿನ ಚೀಟಿ ಏನು, ಎಲ್ಲ ಬರೆದಿಡಬೇಕಂತೆ. ಅದು ಸರಿ, ಬರೆದಿಡುತ್ತಿದ್ದೇನೆ. ಆದರೆ ಅವನು ಕೇಳಿದ್ದು ಹಳೆಯದನ್ನು. ‘ನೀವು ಓಣಿ ಮಂದಿಗೆಲ್ಲ ಮೇಲ್ ಮಾಡಿಕೊಟ್ಟು ಪಾಸ್‌ವರ್ಡ್ ಒಂದ ವಹಿಯಾಗ ಬರದ ಇಟ್ಟೀರಂತಲ್ರಿ. ಗಲ್ಫಿನಿಂದ ಯಾರ್‍ಯಾರಿಗೆ ಬರತಿದ್ದುವು? ಅದನ್ನಷ್ಟ ನೋಡಬೇಕಾಗೇತಿ. ನೀವೇನ ಹೆದರಬ್ಯಾಡ್ರಿ.’

ಹೆದರಬೇಡ ಎಂದ ಮೇಲೆಯೇ ನನಗೆ ಹೆದರಿಕೆ ಬಂತು.

ಆ ವಹಿ ನಿನಗೆ ನೆನಪಿರಬೇಕು. ಹಸಿರು ರಟ್ಟಿನದು. ನಲವತ್ತೊಂದು ಮಂದಿ, ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಪಾಸ್‌ವರ್ಡ್ ಅಂದರೆ ಏನೆಂದು ನಾನು ಎಷ್ಟು ಸಲ ಹೇಳಿದ್ದೆ, ಯಾರಿಗೂ ನೆಟ್ಟಗೆ ತಿಳಿಯಲಿಲ್ಲ, ನನಗೂ ತಿಳಿದಿರಲಿಲ್ಲ ಅನ್ನು. ಊರಿಗೆ ಹೋಗುವಾಗ ಪಕ್ಕದ ಮನೆಗೆ ಕೀಲಿ ಕೊಟ್ಟು ಹೋಗುವ ಮಂದಿ ನಾವು. ಅದನ್ನೂ ಹಾಗೆಯೇ ನನಗೆ ಕೊಟ್ಟರು. ಹದಿನೆಂಟು ಮಂದಿಯದು ಒಂದೇ ಇತ್ತು, ಗೋಮಿ, ಆವಾಗ ಎಲ್ಲರ ಮಗ್ಗದ ಮೇಲೆ ಇದ್ದ ಸೀರೆಯಂಚಿನ ದಡಿಯ ಹೆಸರು. ನೀನು ಮಾತ್ರ ಅಂಗಡಿಯಲ್ಲಿ ನಾವಿಬ್ಬರನ್ನು ಬಿಟ್ಟರೆ ಯಾರೂ ಇಲ್ಲದಿದ್ದರೂ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದ್ದೆ. ಅದು ನಿನ್ನ ಗಂಡ ಯಮನೂರಸಾಬ ನೀವಿಬ್ಬರೇ ಇದ್ದಾಗ ನಿನ್ನನ್ನು ಕರೆಯುವ ಹೆಸರು. ಹೇಳಿ ಕೆಂಪಗಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ. ಆ ಹೆಸರನ್ನು ಈ ಪತ್ರದಲ್ಲಿಯೂ ಬರೆಯುವುದಿಲ್ಲ.

ನಿನ್ನ ಗಂಡ ಕುವೈತಿಗೆ ಲಾರಿ ಓಡಿಸಲು ಹೋದ ಮೇಲೆ ನೀನು ಶುಕ್ರವಾರಕ್ಕೊಮ್ಮೆ ಬರುತ್ತಿದ್ದೆ. ಅವನು ಅಲ್ಲಿ ಕುಳಿತು ಎರಡು ಬೆರಳಿನಿಂದ ನಮ್ಮ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬಡಿದು ಕಳಿಸುತ್ತಿದ್ದ. ಅದನ್ನು ಕಣ್ಣಿನಿಂದ ಓದಿದರೆ ಏನೂ ತಿಳಿಯುತ್ತಿರಲಿಲ್ಲ. ಒಂದೊಂದೇ ತುಂಡನ್ನು ಬಾಯಿಬಿಟ್ಟು ಅಂದರೆ ಆಗ ಕಿವಿಗೆ ಕನ್ನಡ ಕೇಳಿಸುತ್ತಿತ್ತು. ನಾನು ಅನ್ನುತ್ತ ಹೋಗುತ್ತಿದ್ದೆ, ನೀನು ತಲೆ ಬಗ್ಗಿಸಿ ಕೇಳುತ್ತಿದ್ದೆ. ಆಮೇಲೆ ಪ್ರಿಂಟಿನ ಕೆಳಗೆ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಡುತ್ತಿದ್ದೆ. ಸಣ್ಣವರಿದ್ದಾಗ ನಮ್ಮ ಮನೆಯ ಮಗ್ಗದಲ್ಲಿ ಸೀರೆಯ ಹಾಸಿನ ಉದ್ದೆಳೆಗಳಿಗೆ ಸೆರಗಿನ ಎಳೆಗಳನ್ನು ಕೂಡಿಸುವಾಗ ನೀನು ಎಳೆ ಕೊಡುತ್ತಿದ್ದೆ, ನಾನು ಸಿಕ್ಕಿಸುತ್ತಿದ್ದೆ. ಅದೇ ಹುಡುಗಿಯರು ದೊಡ್ಡವರಾಗಿ ಮತ್ತೆ ಎದುರುಬದುರು ಕೂತಿದ್ದೇವೆ ಅನಿಸುತ್ತಿತ್ತು. ಆ ಶುಕ್ರವಾರಗಳಿಗಾಗಿ ನಾನು ಉಳಿದ ಆರು ದಿನ ಕಾಯುತ್ತಿದ್ದೆ, ಅಲೀಮಾ.

ಇನ್ನು ೨೦೦೪ರ ಮೇ ತಿಂಗಳು. ನೀನು ಹುನಗುಂದಕ್ಕೆ ತವರಿಗೆ ಹೋಗಿದ್ದೆ. ಬೀದಿಯಲ್ಲಿ ನಮ್ಮ ಮಗ್ಗದ ಹಾಸಿನ ಎಳೆಗಳನ್ನು ಉದ್ದಕ್ಕೆ ಹಾಸಿದ್ದರು, ಅರ್ಧ ಓಣಿ ಅಲ್ಲಿಯೇ ಕೈಹಚ್ಚಿತ್ತು. ನಿನ್ನ ಅತ್ತೆ ಬಿಬಿಜಾನ ಚಿಕ್ಕಮ್ಮ ಬಂದು, ‘ಏನವ್ವಾ, ನನ ಮಗಂದ ಪತ್ರ ಏನರ ಬಂದೇತೇನ?’ ಎಂದು ಕೇಳಿದಳು. ಪತ್ರ ಬಂದರೆ ಓದು ಬಲ್ಲವರು ಕಟ್ಟೆಯ ಮೇಲೆ ಕೂತು ಜೋರಾಗಿ ಓದುವುದು, ಓಣಿ ಕೇಳುವುದು, ಇದು ನಮ್ಮಜ್ಜನ ಕಾಲದಿಂದ ಬಂದದ್ದು. ನಾನು ಪ್ರಿಂಟು ತಂದು ಕಟ್ಟೆಯ ಮೇಲೆ ಕೂತೆ. ಓದಿದೆ.

‘ಅಲೀಮಾ, ನಾ ಬರೇ ಕುವೈತದಾಗ ಇಲ್ಲ. ವಾರಕ್ಕೊಮ್ಮೆ ಗಡಿ ದಾಟಿ ಇರಾಕಿಗೆ ಲಾರಿ ಒಯ್ತೇನಿ. ಅಮೇರಿಕಾದ ದಂಡಿನವರಿಗೆ ಕುಡಿಯೂ ನೀರು. ಮನ್ನೆ ನನ್ನ ಮುಂದಿನ ಲಾರಿ ಸುಟ್ಟಿತು. ನನಗ ಹೆದರಿಕಿ ಆಗತೇತಿ. ಬರೂವಾಗ ಬಸ್ಸಿನ ಖಿಡಕ್ಯಾಗಿಂದ ನಿನ್ನ ಹೊಳ್ಳಿ ನೋಡಲಿಲ್ಲಂತ ನೀ ಬೇಜಾರಾಗಿದ್ದಿ. ಅಳು ಬಂದಿತ್ತು, ಅದಕ ನೋಡಲಿಲ್ಲ. ನೀ ಒಬ್ಬಾಕಿ ತಿಳಕೊ. ಅವ್ವಗ ಹೇಳಬ್ಯಾಡ.’

ಕೊನೆಯ ಮಾತು ನನ್ನ ಬಾಯಿಂದ ಬರುವ ಹೊತ್ತಿಗೆ ಅವ್ವ ನನ್ನ ಎದುರಿಗೇ ಕೂತಿದ್ದಳು.

ಮುಂದಿನದು ನಿನಗೆ ಗೊತ್ತು. ಚಿಕ್ಕಮ್ಮ ನನ್ನ ಅಂಗಡಿಯ ಫೋನಿನಿಂದಲೇ ಮಗನಿಗೆ ಮಾತಾಡಿ, ‘ನೀ ಬರೂತನಕ ನಾ ತುತ್ತು ಮುಟ್ಟೂದಿಲ್ಲ’ ಎಂದಳು, ಮೂರನೆಯ ದಿನ ದವಾಖಾನೆಗೆ ಸೇರಿಸಬೇಕಾಯಿತು. ಅವನು ಕೆಲಸ ಬಿಟ್ಟು, ಪಾಸ್‌ಪೋರ್ಟ್ ಇಟ್ಟುಕೊಂಡಿದ್ದ ಕಂಪನಿಯವರ ಕಾಲು ಹಿಡಿದು, ಜೂನಿನಲ್ಲಿ ಒಂದು ಚೀಲ ಹಿಡಿದುಕೊಂಡು ಬಂದ. ಸ್ವಂತ ಗಾಡಿಯ ಆಸೆ ಅಲ್ಲಿಗೇ ಮುಗಿಯಿತು. ಓಣಿಯವರು ಸುಮ್ಮನಿದ್ದರೇ? ಗಂಡಸು ಅತ್ತಿದ್ದನ್ನು ಮರೆಯುವುದು ಅವರಿಂದ ಆಗಲಿಲ್ಲ. ‘ಏನಲೇ ಅಳಬುರಕ, ಖಿಡಕಿ ಸೀಟ ಬೇಕೇನ?’ ಎಂದು ಬಸ್‌ಸ್ಟ್ಯಾಂಡಿನವರೆಗೂ ಕಾಡಿದರು. ನೀನು ನನ್ನ ಅಂಗಡಿಗೆ ಬಂದೆ, ಹೊಸ್ತಿಲ ಹೊರಗೇ ನಿಂತೆ. ‘ನನ ಕಿವ್ಯಾಗ ಹೇಳಿದ್ದನ್ನ ಓಣಿಗೆ ಕೇಳಿಸಿದಿ. ಇನ್ನ ನನಗಂತ ಏನ ಉಳಿಸೀದಿ?’ ಎಂದೆ. ಒಂದು ತಿಂಗಳಿಗೆ ಮನೆ ಖಾಲಿ ಮಾಡಿ ಬಾದಾಮಿಗೆ ಹೋದಿರಿ.

ಓಣಿ ನನ್ನನ್ನು ಕ್ಷಮಿಸಿತು. ‘ಇಂಗ್ಲಿಷ್ ಅಕ್ಷರ, ಪಾಪ, ಬಾಯಿಲೆ ಅಂದಮ್ಯಾಲೆ ತಿಳಿತೇತಿ, ಅಕಿ ಏನ ಮಾಡ್ಯಾಳು’ ಎಂದರು. ನಾನೂ ಹೌದೆಂದು ತಲೆಯಾಡಿಸಿದೆ. ಐದು ವರ್ಷ ಅದೇ ಮಾತಿನ ಮೇಲೆ ಉಂಡೆ, ಮಲಗಿದೆ.

ಅಲೀಮಾ, ಅದು ಸುಳ್ಳು. ಆ ಪತ್ರವನ್ನು ನಾನು ಅಂದು ಮುಂಜಾನೆಯೇ ಓದಿದ್ದೆ.

ಅಂಗಡಿಯ ಕದ ತೆಗೆದವಳೇ ನಿನ್ನ ಮೇಲ್ ತೆರೆದಿದ್ದೆ. ನೀನು ಹೇಳಿರಲಿಲ್ಲ, ಶುಕ್ರವಾರವೂ ಆಗಿರಲಿಲ್ಲ. ಪಾಸ್‌ವರ್ಡ್ ಕೈಯಲ್ಲಿತ್ತು, ತೆರೆದೆ. ಒಬ್ಬಳೇ ಕೂತು ಪಿಸುಗುಟ್ಟುತ್ತ ಕೊನೆಯವರೆಗೂ ಓದಿದೆ. ‘ಅವ್ವಗ ಹೇಳಬ್ಯಾಡ’ ಎಂಬುದನ್ನೂ ಓದಿದೆ. ಮಧ್ಯಾಹ್ನ ಚಿಕ್ಕಮ್ಮ ಬಂದಾಗ ಹೊಸದಾಗಿ ಓದುವವಳ ಹಾಗೆ ತಡವರಿಸುತ್ತ ಓದಿದೆ.

ಯಾಕೆ ಎಂದು ಕೇಳಬೇಡ, ಅದನ್ನೇ ಐದು ವರ್ಷದಿಂದ ನನಗೆ ನಾನೇ ಕೇಳುತ್ತಿದ್ದೇನೆ. ಅವನು ಸತ್ತರೆ ನೀನು ಏನಾಗುತ್ತೀ ಎಂದು ಎದೆ ಒಡೆದಿತ್ತು, ಅದು ಖರೆ. ನಿನಗೆ ಹೇಳಿದರೆ ನೀನು ಗುಟ್ಟು ಕಾಯುತ್ತೀ, ಅವನು ಗಡಿ ದಾಟುತ್ತಲೇ ಇರುತ್ತಾನೆ, ಅವ್ವನಿಗೆ ತಿಳಿದರೆ ಮಾತ್ರ ಬರುತ್ತಾನೆ ಎಂದು ಲೆಕ್ಕ ಹಾಕಿದ್ದೂ ಖರೆ. ಆದರೆ ಹಾಸಿನ ಮೇಲಿದ್ದ ಕೈಗಳೆಲ್ಲ ನಿಂತು ಇಡೀ ಓಣಿ ನನ್ನ ಬಾಯನ್ನೇ ನೋಡುತ್ತಿದ್ದಾಗ ನನಗೆ ಒಂಥರಾ ಹಿಗ್ಗಾಗಿತ್ತು, ಅದೂ ಖರೆ. ಚಿಕ್ಕಮ್ಮನನ್ನು ಒಳಗೆ ಕರೆದು ಲಾರಿಯ ವಿಷಯವಷ್ಟನ್ನೇ ಹೇಳಬಹುದಾಗಿತ್ತು. ಖಿಡಕಿಯ ಮಾತು ಓದುವ ಜರೂರಿರಲಿಲ್ಲ. ಆದರೂ ಓದಿದೆ. ಇವುಗಳಲ್ಲಿ ಯಾವುದು ಎಷ್ಟು ಎಂದು ನನಗೆ ಇವತ್ತಿಗೂ ಬಿಡಿಸಲು ಬರುವುದಿಲ್ಲ.

ಅವನು ಬಂದ ಮರುತಿಂಗಳೇ ಟಿವಿಯಲ್ಲಿ ನಮ್ಮ ದೇಶದ ಮೂವರು ಲಾರಿ ಚಾಲಕರನ್ನು ಇರಾಕಿನಲ್ಲಿ ಹಿಡಿದಿಟ್ಟ ಸುದ್ದಿ ಬಂತು. ಮುಖಕ್ಕೆ ಬಟ್ಟೆ ಕಟ್ಟಿದವರು ಹಿಂದೆ ನಿಂತಿದ್ದರು. ನೋಡಿ ನಾನು ನಡುಗಿದೆ, ಜೊತೆಗೆ, ದೇವರಾಣೆ, ಸಮಾಧಾನವೂ ಆಯಿತು, ನಾನು ಮಾಡಿದ್ದು ಸರಿಯಾಯಿತು ಎಂದು. ಆರು ವಾರಕ್ಕೆ ಆ ಮೂವರೂ ಬದುಕಿ ಮನೆಗೆ ಬಂದರು. ಹಾಗಾದರೆ ನಾನು ಮಾಡಿದ್ದು ತಪ್ಪಾಯಿತೇ? ಬದುಕಿ ಬಂದವರನ್ನು ನೋಡಿ ಒಂದು ಕ್ಷಣ ಬೇಜಾರು ಮಾಡಿಕೊಂಡವಳು ನಾನು. ಇಂಥವಳನ್ನು ಏನೆಂದು ಕರೆಯುತ್ತಾರೆ, ಹೇಳು.

ಹೋದ ವರ್ಷ ಉರುಸಿಗೆ ಬಂದಾಗ ಚಿಕ್ಕಮ್ಮ ನನ್ನ ತಲೆ ಸವರಿ, ‘ನನ ಮಗನ್ನ ತಂದಕೊಟ್ಟಾಕಿ ನೀ’ ಎಂದಳು. ನೀನು ದರ್ಗಾದ ಮೆಟ್ಟಿಲ ಮೇಲೆ ನನ್ನನ್ನು ನೋಡಿ ಮುಖ ತಿರುಗಿಸಿದೆ. ಒಂದೇ ಕೆಲಸಕ್ಕೆ ಒಬ್ಬಳ ಆಶೀರ್ವಾದ, ಇನ್ನೊಬ್ಬಳ ಬೆನ್ನು. ಇಬ್ಬರೂ ಸರಿ ಅನಿಸುತ್ತದೆ, ಅದೇ ನನ್ನ ಫಜೀತಿ.

ಗುರುವಾರ ಆ ಮನುಷ್ಯ ಹೊರಡುವ ಮುಂಚೆ, ‘ಅವರ ಮೇಲ್ ನೀವು ಓದತಿದ್ರೇನ್ರಿ?’ ಎಂದು ಕೇಳಿದ. ‘ಇಲ್ರಿ’ ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ ನಾನೇ ಬೆಚ್ಚಿದೆ. ಇವನು ಕೇಳುತ್ತಿರುವುದು ನಾನು ಮಾಡಿದ್ದನ್ನೇ ಅಲ್ಲವೇ? ಬೇರೆಯವರ ಪತ್ರವನ್ನು ಅವರಿಗೆ ತಿಳಿಯದಂತೆ ತೆರೆದು, ಅವರ ಒಳ್ಳೆಯದಕ್ಕೇ ಎಂದು ಹೇಳುವುದು. ನಾಲ್ಕು ಮಂದಿಯ ಜೀವ ಉಳಿಯುವುದಿದ್ದರೆ ನೋಡಿದರೇನು ತಪ್ಪು ಎಂದು ಅವನಿಗೂ ಅನಿಸಿರಬೇಕು. ನನಗೂ ಅನಿಸಿತ್ತು. ನಿನ್ನ ಹಾಳೆಯನ್ನು ಕೊಟ್ಟರೆ ನಿನ್ನ ಮೇಲ್ ತೆರೆದು ಅವನು ಓದುವುದು ಏನು? ಇರಾಕು, ಗಡಿ, ಲಾರಿ, ದಂಡು, ಕೆಳಗೆ ಯಮನೂರಸಾಬನ ಹೆಸರು. ಖಿಡಕಿಯ ಮಾತು ಅವನಿಗೆ ಕಾಣುತ್ತದೆಯೇ? ಕಾಣದಿದ್ದರೆ ನಿಮ್ಮ ಮನೆಯ ಕದ ಬಡಿಯುತ್ತಾರೆ. ಕಂಡರೆ ಓಣಿ ನಕ್ಕಂತೆ ಒಂದು ಆಫೀಸೂ ಕೂತು ನಗುತ್ತದೆ.

ಕೊಡದೆ ಇದ್ದರೂ ಮನಸ್ಸಿಗೆ ನೆಮ್ಮದಿಯಿಲ್ಲ. ನಲವತ್ತೊಂದರಲ್ಲಿ ಯಾವನೋ ಒಬ್ಬ ಖರೇನೇ ಕೆಟ್ಟವನಿದ್ದರೆ? ಎಲ್ಲರನ್ನೂ ನಾನು ಬಲ್ಲೆ ಎಂದು ಹೇಳಲು ಬಾಯಿ ಬರುವುದಿಲ್ಲ. ಯಮನೂರಸಾಬನನ್ನೂ ಬಲ್ಲೆ ಎಂದುಕೊಂಡಿದ್ದೆ, ಅವನು ಗಡಿ ದಾಟುವುದು ಗೊತ್ತಿರಲಿಲ್ಲ. ‘ಬರಹದಾಗ ಸರಕಾರದ ಕಾಗದ ಏನರ ಇದ್ದರ ತರ್ರಿ’ ಎಂದು ಆ ಫೈಲಿನ ಮನುಷ್ಯನಿಗೆ ಹೇಳಿ ಕಳಿಸಿದ್ದೇನೆ. ‘ಸೋಮವಾರ ತರತೇನಿ’ ಎಂದು ಹೋಗಿದ್ದಾನೆ.

ನಿನ್ನೆ, ಇವತ್ತು, ಎರಡು ದಿನ ಅಂಗಡಿಗೆ ಕೀಲಿ ಹಾಕಿ ಓಣಿ ತಿರುಗಿದೆ. ಹಾಳೆಗಳನ್ನು ಒಂದೊಂದಾಗಿ ಹರಿದು ಅವರವರ ಕೈಗೇ ಕೊಟ್ಟೆ. ಸೋಮವಾರ ಬರುವವನ ಮಾತನ್ನೂ ಹೇಳಿದೆ. ‘ಇದು ನಿಮ್ಮದು, ಇಟ್ಟಕೋರಿ, ಕೊಡ್ರಿ, ಸುಡ್ರಿ, ನಿಮ್ಮ ಖುಷಿ’ ಎಂದೆ. ರಂಗವ್ವ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, ‘ಇದಕ ಎಷ್ಟ ಸಕ್ರಿ ಕೊಡತಾರವ್ವ?’ ಎಂದಳು. ರೇಶನ್ ಚೀಟಿ ಅಂದುಕೊಂಡಿದ್ದಳು. ಕೆಲವರು ಊರು ಬಿಟ್ಟಿದ್ದಾರೆ, ಇಬ್ಬರು ತೀರಿಕೊಂಡಿದ್ದಾರೆ. ಅವರ ಹಾಳೆಗಳನ್ನು ಒಲೆಗೆ ಹಾಕಿದೆ, ಹಾಕಿದ್ದು ಸರಿಯೋ ಅಲ್ಲವೋ ತಿಳಿಯದು. ಸೋಮವಾರ ಅವನು ಬಂದರೆ ಬರೀ ರಟ್ಟು ತೋರಿಸಿ, ಅವರವರದನ್ನು ಅವರವರಿಗೆ ಕೊಟ್ಟೆ, ಬೇಕಾದರೆ ಅವರನ್ನೇ ಕೇಳಿರಿ ಎನ್ನುತ್ತೇನೆ. ಓದುತ್ತಿದ್ದೆ ಎಂಬುದನ್ನೂ ಹೇಳುತ್ತೇನೆ. ಏನಾಗುತ್ತದೋ ಆಗಲಿ.

ನಿನ್ನ ಹಾಳೆ ಇದರೊಳಗಿದೆ. ಮೊದಲ ಸಲ ನಿನ್ನದೊಂದು ನಿನ್ನ ಕೈಗೇ ಮೊದಲು ಬರುತ್ತಿದೆ.

ಹಾಳೆಯ ಹಿಂದುಗಡೆ ನೋಡು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಬರೆದು ಒಂದೊಂದರ ಕೆಳಗೆ ಕನ್ನಡದಲ್ಲಿ ಅದರ ಸಪ್ಪಳ ಬರೆದಿದ್ದೇನೆ. ಕನ್ನಡ ಓದಲು ಬರುವ ನಿನಗೆ ಹೆಚ್ಚೆಂದರೆ ಹದಿನೈದು ದಿನದ ಕೆಲಸ. ಅಂದೇ ಕಲಿಸಬಹುದಾಗಿತ್ತು. ಕಲಿಸಲಿಲ್ಲ. ಮರೆತೆ ಎಂದು ಬರೆಯಲು ಹೊರಟಿದ್ದೆ, ಅದನ್ನು ಹೊಡೆದುಹಾಕಿದ್ದೇನೆ, ಮೇಲೆ ಗೀರು ಕಾಣುತ್ತದೆ ನೋಡು. ಮರೆತಿರಲಿಲ್ಲ. ನೀನು ಕಲಿತರೆ ಶುಕ್ರವಾರ ನನ್ನ ಹತ್ತಿರ ಬರುವ ಕಾರಣವೇ ಇರುವುದಿಲ್ಲ ಎಂದು ಕಲಿಸಲಿಲ್ಲ. ನೀನು ಹೋದ ಮೇಲೂ ಒಂದು ವರ್ಷ ನಿನ್ನ ಮೇಲ್ ತೆರೆದು ನೋಡುತ್ತಿದ್ದೆ, ನನ್ನನ್ನು ಬೈದು ಏನಾದರೂ ಬರೆದಿರಬಹುದೇ ಎಂದು. ನಿನಗೆ ಆ ಅಕ್ಷರಗಳೇ ಬರುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ನೋಡುತ್ತಿದ್ದೆ.

ಬಾದಾಮಿಯಲ್ಲಿಯೂ ಇಂಥ ಅಂಗಡಿ ಇರಬೇಕು. ಯಮನೂರಸಾಬ ಪಟ್ಟದಕಲ್ಲಿಗೆ ಟೆಂಪೋ ಒಯ್ದ ಹೊತ್ತಿನಲ್ಲಿ ಹೋಗು. ನಿಮ್ಮ ಮಲಿಕಾ ಸಾಲೆಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಾಳೆಂದು ಚಿಕ್ಕಮ್ಮ ಹೇಳಿದಳು. ಮಗಳು ದಾರಿ ತೋರಿಸಲಿ, ಆಮೇಲೆ ಹೊರಗೆ ನಿಲ್ಲಲಿ. ಅವನ ಪತ್ರಗಳು ಅಲ್ಲಿಯೇ ಇರಬೇಕು, ನಾನಂತೂ ಒಂದನ್ನೂ ಅಳಿಸಿಲ್ಲ. ಒಂದೊಂದೇ ಅಕ್ಷರ ಕೂಡಿಸಿ, ನಿನಗಷ್ಟೇ ಕೇಳುವ ಹಾಗೆ ಓದಿಕೋ. ಖಿಡಕಿಯ ಮಾತನ್ನು ನೀನು ಇನ್ನೂ ಅವನ ಬಾಯಿಂದ ಕೇಳಿಲ್ಲ, ನನ್ನ ಬಾಯಿಂದ ಓಣಿಯವರು ಕೇಳಿದ್ದನ್ನು ಕೇಳಿದ್ದೀ. ಓದಿ ಮುಗಿದ ಮೇಲೆ ಪಾಸ್‌ವರ್ಡ್ ಬದಲಿಸು.

ಹೊಸದು ಏನೆಂದು ನನಗೆ ಹೇಳಬೇಡ. ಎಂದಾದರೂ ನಿನ್ನ ಸಿಟ್ಟು ಇಳಿದು ನೀನು ನನ್ನ ಹೊಸ್ತಿಲು ದಾಟಿ ಒಳಗೆ ಬಂದರೂ, ನಾನೇ ಬಾಯಿಬಿಟ್ಟು ಕೇಳಿದರೂ ಹೇಳಬೇಡ.

ನಿನ್ನ ಮನೆ ತಣ್ಣಗಿರಲಿ, ನಿನ್ನ ಮಾತು ನಿನ್ನಲ್ಲಿರಲಿ.

ಎಳೆ ಸಿಕ್ಕಿಸುತ್ತಿದ್ದ ನಿನ್ನ
ಮಹಾನಂದಾ