ಖಾಲಿ ಕುರ್ಚಿಗೆ ಹೇಳಿದ ಪಾಠ

ಮಾರ್ಚ್ 3, ಸೋಮವಾರ

ಇವತ್ತೂ ಊಟದ ಹೊತ್ತಿನಲ್ಲೇ ಪಾಠ. ಮೂಲೆಯ ಕಂಪ್ಯೂಟರ್, ಕಿವಿಗೆ ಹೆಡ್‌ಫೋನ್. ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. ಇನ್ಶೂರೆನ್ಸ್ ಕ್ಲೇಮಿನ ಫೈಲ್ ಓದುವುದು ಹೇಗೆ ಅಂತ ಟೀಚರಕ್ಕ ಹೇಳಿಕೊಡುತ್ತಿದ್ದಾರೆ. ಇಡೀ ಆಫೀಸಿಗೆ ಆಕೆ ಟೀಚರಕ್ಕ. ಕ್ಲೇಮ್ ಡೆಸ್ಕಿನವರೆಲ್ಲ ಆಕೆಯ ಕೈಯಲ್ಲಿ ಪಳಗಿದವರು. ಹೋದ ವರ್ಷ ಕಾಯಿಲೆಯಿಂದ ತೀರಿಕೊಂಡರು. ಅದಕ್ಕೆ ಮುಂಚೆ ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿಸಿಟ್ಟರು.

ಹೋದವರ ದನಿ ಕಿವಿಯೊಳಗೆ ಇಷ್ಟು ಹತ್ತಿರ... ತುತ್ತು ಇಳಿಯುವುದಿಲ್ಲ.

ಆಕೆಯದೊಂದು ರೀತಿ. ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ರೆಕಾರ್ಡಿಂಗಿನಲ್ಲೂ ಹಾಗೇ. ಬರೀ ಉಸಿರು ಕೇಳುತ್ತದೆ. ಉಳಿದವರು ಸ್ಪೀಡ್ ಹೆಚ್ಚಿಸಿ ಅದನ್ನು ದಾಟಿಬಿಡುತ್ತಾರಂತೆ. ನನಗೆ ಅಷ್ಟು ಧೈರ್ಯವಿಲ್ಲ. ಬಾಯಿಬಿಟ್ಟು ಉತ್ತರ ಹೇಳುತ್ತೇನೆ.

ಮಾರ್ಚ್ 5

ಮ್ಯಾನೇಜರ್ ಕರೆದಿದ್ದರು. ನೆಲಮಾಳಿಗೆಯ ರೆಕಾರ್ಡ್ ರೂಮ್ ತಿಂಗಳ ಕೊನೆಗೆ ಮುಚ್ಚುತ್ತದೆ. ಅಂದರೆ ನನ್ನ ಕೆಲಸವೂ.

"ಕ್ಲೇಮ್ ಡೆಸ್ಕಿನ ಟೆಸ್ಟ್ ಪಾಸಾದ್ರೆ ಮೇಲಕ್ಕೆ ಬನ್ನಿ. ಟೀಚರಕ್ಕನ ಸೀಟು ಖಾಲಿ ಇದೆ. ಆಗ್ಲಿಲ್ಲ ಅಂದ್ರೆ..." ಕೈ ಚೆಲ್ಲಿದರು.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಮ್ಮ ಹಾಸಿಗೆ ಹಿಡಿದಿದ್ದಳು, ತಂಗಿ ಇನ್ನೂ ಚಿಕ್ಕವಳು. ಆಮೇಲೆ ಹೇಗೋ ಪರೀಕ್ಷೆ ಕಟ್ಟಿ ಪಾಸು ಮಾಡಿಕೊಂಡದ್ದು ನಿಜ. ಆದರೂ ಪ್ರಶ್ನೆಪತ್ರಿಕೆ ಅಂದರೆ ಇವತ್ತಿಗೂ ಭಯ.

ತಂಗಿ ಹೇಳುತ್ತಾಳೆ, "ನೀನು ಪಾಸಾಗ್ತೀಯ ಬಿಡಕ್ಕಾ. ಫೇಲಾಗೋಕೂ ಧೈರ್ಯ ಬೇಕು, ಅದು ನಿಂಗೆಲ್ಲಿದೆ?"

ನಗು ಬಂತು. ಆಮೇಲೆ ಬರಲಿಲ್ಲ.

ಮಾರ್ಚ್ 7

ಇವತ್ತಿನ ಪಾಠ — ನೀರು ನುಗ್ಗಿ ಹಾಳಾದ ಮನೆಯ ಕ್ಲೇಮ್.

"ಫೈಲ್ ಕೈಗೆ ಬಂತು. ಮೊದ್ಲು ಏನ್ ನೋಡ್ತೀಯ?" ಸುಮ್ಮನಾದರು. ಉಸಿರು.

"ಮೇಲಿನ ಹಾಳೆ" ಅಂದೆ.

"ತಪ್ಪು. ತಿರುಗ್ಸಿ ಇಡು."

ನನಗೇ ಅಂದ ಹಾಗಿತ್ತು.

"ಹೊಸ ಹಾಳೆ ಯಾವಾಗ್ಲೂ ಮೇಲಿರತ್ತೆ, ಹಳೇದು ತಳದಲ್ಲಿ. ಮೇಲಿಂದ ಓದಿದ್ರೆ ಯಾರೋ ಕೊಟ್ಟ ತೀರ್ಪು ಮೊದ್ಲು ಸಿಗತ್ತೆ. ಆಮೇಲೆ ನಿನ್ ಕಣ್ಣು ಅದನ್ನೇ ಹುಡುಕತ್ತೆ. ತಳದಿಂದ ಓದು."

ವರ್ಷಗಟ್ಟಲೆ ಹೊಸ ಹಾಳೆಯನ್ನು ಮೇಲಿಟ್ಟು ದಾರ ಕಟ್ಟಿದ ಕೈ ನನ್ನದೇ. ಆಕೆ ಒಮ್ಮೆ ಕೆಳಗೆ ಬಂದಿದ್ದರು, ಫೈಲ್ ಕೇಳಿಕೊಂಡು. ನಾನು ಕಟ್ಟುವುದನ್ನೇ ನೋಡುತ್ತ ನಿಂತಿದ್ದರು.

ಮಾರ್ಚ್ 8

ಅದೇ ಪಾಠ ಮತ್ತೆ ಹಾಕಿದೆ. ಈ ಸಲ "ತಳದ ಹಾಳೆ" ಅಂದೆ.

"ತಪ್ಪು" ಅಂದರು.

ರೆಕಾರ್ಡಿಂಗ್ ಅದು, ಅದನ್ನೇ ಅನ್ನುತ್ತದೆ. ಗೊತ್ತು. ಆದರೂ ದಿನವಿಡೀ ಕೊರೆಯಿತು. ಸರಿ ಹೇಳಿದರೂ ತಪ್ಪೇ?

ಮಾರ್ಚ್ 14

ಬರೆಯಲು ಮನಸ್ಸಾಗಿರಲಿಲ್ಲ. ಇವತ್ತು ತಡೆಯಲಾರದೆ ವೈರಣ್ಣನನ್ನು ಕೇಳಿದೆ. ಕಂಪ್ಯೂಟರ್ ನೋಡಿಕೊಳ್ಳುವವನು, ಕೊರಳಲ್ಲಿ ಸದಾ ಒಂದು ವೈರು. ಪಾಠ ರೆಕಾರ್ಡ್ ಮಾಡಿದ್ದೂ ಅವನೇ.

"ಆವಾಗ ಟೀಚರಕ್ಕನ ಎದುರಿಗೆ ಯಾರು ಕೂತಿದ್ರು?"

"ಯಾರೂ ಇಲ್ವಲ್ಲ."

"ತಪ್ಪು ಅಂತಾರಲ್ಲ, ಯಾರಿಗೆ?"

"ಖಾಲಿ ಕುರ್ಚಿಗೆ. ಅದನ್ನೂ ನನ್ ಕೈಲೇ ಹೊರ್ಸಿದ್ರು. ಯಾರಿಗಕ್ಕಾ ಇದು ಅಂದೆ. ಬರ್ತಾಳೆ, ಇಡು ಅಂದ್ರು." ತಲೆ ಕೆರೆದುಕೊಂಡ. "ಮಾತ್ರೆ ಮಂಪರು ಇರ್ಬೇಕು ಬಿಡಿ. ನೀವ್ಯಾಕೆ ಹಿಂಗ್ ಬಿಳಿಚ್ಕೊಂಡ್ರಿ?"

ಬರ್ತಾಳೆ.

ಆಕೆ ಹೋದ ಮೇಲೆ ಡೆಸ್ಕಿನಲ್ಲಿ ಹೆಂಗಸರೇ ಇಲ್ಲ.

ಮಾರ್ಚ್ 19, ಸಂಜೆ

ಮನೆಯಲ್ಲಿ ಓದುತ್ತ ಕೂತಿದ್ದೆ. ಹೆಡ್‌ಫೋನ್ ಆಫೀಸಿನಲ್ಲೇ ಇತ್ತು. ಒಳಗಿಂದ ಅಮ್ಮ, "ಯಾರೇ ಬಂದಿರೋದು?"

"ಯಾರಿಲ್ಲಮ್ಮ, ಓದ್ಕೊಳ್ತಿದೀನಿ."

"ಮತ್ತೆ ತಪ್ಪು ಅಂದ್ರಲ್ಲ ಯಾರೋ."

ನಾನೇ ಅಂದಿರಬೇಕು. ಅಲ್ಲದೆ ಇನ್ನೇನು.

ಮಾರ್ಚ್ 27

ಟೆಸ್ಟ್ ಮುಗಿಯಿತು.

ಹಳೆಯ ಫೈಲುಗಳನ್ನು ಕೊಟ್ಟು ದುಡ್ಡು ಕೊಡಬೇಕೋ ಬೇಡವೋ ಬರೆಯಿರಿ ಅಂದರು. ಕೊನೆಯದರಲ್ಲಿ, ನೀರು ನುಗ್ಗಿದ ಮನೆಯ ಫೈಲಿನಲ್ಲಿ, ತಡವರಿಸಿದೆ. ಗಾಬರಿಯಲ್ಲಿ ಎಲ್ಲ ಮರೆತು ಮೇಲಿಂದಲೇ ಓದಿದೆ. ಮೇಲಿನ ಹಾಳೆಯಲ್ಲಿ ಮನೆ ನೋಡಿಬಂದ ಇನ್ಸ್‌ಪೆಕ್ಟರ್ ಬರೆದಿದ್ದರು: ಗೋಡೆ ಪೂರ್ತಿ ಬೂಸ್ಟು, ಹಳೆಯ ತೇವ, ಕ್ಲೇಮಿಗೆ ಬರುವುದಿಲ್ಲ. ಫೋಟೊ ನೋಡಿದೆ, ಬೂಸ್ಟೇ ಬೂಸ್ಟು. "ಕೊಡುವುದು ಬೇಡ" ಎಂದು ಬರೆದೆ.

ಕಿವಿಯಲ್ಲಿ ಹೆಡ್‌ಫೋನ್ ಇರಲಿಲ್ಲ.

ತಪ್ಪು.

ತಿರುಗಿ ನೋಡಿದೆ. ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದರು. ಫೈಲ್ ಮಗುಚಿ ಹಾಕಿದೆ. ಎಲ್ಲಕ್ಕಿಂತ ತಳದಲ್ಲಿ ಮೊದಲ ದಿನದ ಫೋಟೊ. ಪೈಪು ಒಡೆದಿದೆ, ನೆಲದ ತುಂಬ ನೀರು, ಆದರೆ ಗೋಡೆ ಬೆಳ್ಳಗಿದೆ, ಒಂದು ಕಲೆಯಿಲ್ಲ. ಬೂಸ್ಟು ಬಂದದ್ದು ಆಮೇಲೆ, ಆಫೀಸಿನವರು ಬಂದು ನೋಡಲು ತಡಮಾಡಿದ್ದಕ್ಕೆ. ಬರೆದದ್ದನ್ನು ಹೊಡೆದುಹಾಕಿ "ಕೊಡಬೇಕು" ಎಂದು ಬರೆದೆ.

ಯಾರ ಉತ್ತರ ಅದು? ನನ್ನದೋ...

ಮಾರ್ಚ್ 31

ಪಾಸು. ತಂಗಿ ಕುಣಿದಳು. ಅಮ್ಮ ಎದ್ದು ಕೂತಳು.

ಟೀಚರಕ್ಕನ ಸೀಟಿನಲ್ಲಿ ಕೂತೆ. ಕುರ್ಚಿಯ ತುದಿಯಲ್ಲೇ. ಒರಗಿಕೊಳ್ಳಲು ಆಗಲಿಲ್ಲ.

ಏಪ್ರಿಲ್ 9, ಬೆಳಿಗ್ಗೆ

ರೂಲ್ಸ್ ಬದಲಾಗಿವೆಯಂತೆ. ಮ್ಯಾನೇಜರ್ ಅಂದರು, "ಆ ಪಾಠ ಹಳೇದಾಯ್ತು. ಹೊಸದು ನೀವೇ ಹೇಳಿ. ರೆಕಾರ್ಡ್ ಆದ್ಮೇಲೆ ಟೀಚರಕ್ಕನ್ದು ತೆಗೆದುಬಿಡ್ತಾರೆ."

ನಾನು? ಎಂಟನೇ ಕ್ಲಾಸಿನವಳು? ಬೇಡ ಅನ್ನಲೂ ಧೈರ್ಯ ಸಾಲದೆ ಹೂಂ ಅಂದೆ.

ಅದೇ ದಿನ, ರೆಕಾರ್ಡಿಂಗ್ ಕೋಣೆಯಲ್ಲಿ

ಡೈರಿ ತೊಡೆಯ ಮೇಲಿದೆ. ಬರೆಯುತ್ತಿದ್ದರೆ ಭಯ ಕಡಿಮೆ.

ವೈರಣ್ಣ ಕೇಳಿದ್ದ, "ಎದುರಿಗೆ ಕುರ್ಚಿ ಬೇಕಾ?" ಬೇಡ ಅನ್ನಬೇಕೆಂದಿದ್ದೆ. "ಇಡು" ಅಂದೆ.

ಪಾಠ ಶುರು ಮಾಡಿದೆ. "ಫೈಲ್ ಕೈಗೆ ಬಂತು. ಮೊದ್ಲು ಏನ್ ನೋಡ್ತೀಯ?" ಸುಮ್ಮನಾದೆ. ಎಷ್ಟು ಹೊತ್ತು ಕಾಯಬೇಕೆಂದು ಆಕೆ ಹೇಳಿಕೊಟ್ಟಿಲ್ಲ. ಕಾದೆ. ಆಮೇಲೆ "ತಪ್ಪು" ಅನ್ನಬೇಕಿತ್ತು, ಹಾಗೇ ಬರೆದಿಟ್ಟುಕೊಂಡಿದ್ದೆ.

"ಸರಿ" ಅಂದೆ.

ವೈರಣ್ಣ ತಲೆ ಎತ್ತಿದ. "ಯಾರಿಗೆ ಸರಿ ಅಂದ್ರಿ?"

"ತಳದ ಹಾಳೆ" ಅಂತ ಸರಿಯಾಗಿ ಉತ್ತರ ಬಂತಲ್ಲ, ಅದಕ್ಕೆ ಅಂದೆ. ಅವನಿಗೆ ಕೇಳಿಸಲಿಲ್ಲವಂತೆ. ಈಗ ಹಿಂದಕ್ಕೆ ತಿರುಗಿಸಿ ಕೇಳುತ್ತಿದ್ದಾನೆ. ಇನ್ನೊಮ್ಮೆ ತಿರುಗಿಸುತ್ತಿದ್ದಾನೆ. ಖಾಲಿ ಕುರ್ಚಿಯನ್ನೇ ನೋಡುತ್ತಿದ್ದಾನೆ. ಹೆಡ್‌ಫೋನ್ ಬಿಚ್ಚಿ ನನ್ನ ಕಡೆಗೆ ಚಾಚಿ —