ಚಿತ್ರದ ಕೆಳಗಿನ ಸಾಲು

ಪ್ರಾಧ್ಯಾಪಕರಿಗೆ ನಮಸ್ಕಾರ.

"ನನ್ನ ಪುಸ್ತಕ ಇರುವಾಗ ನಿನಗೆ ಬೇರೆಯದು ಯಾಕಮ್ಮ?" ಎಂದು ತರಗತಿಯಲ್ಲಿ ಎಲ್ಲರೆದುರು ಕೇಳಿದಿರಿ. ಕಾರಣ ಇಲ್ಲಿ ಹೇಳುತ್ತೇನೆ.

ಮೆದುಳಿನ ಸ್ಕ್ಯಾನ್ ಓದಲು ಕಲಿಸುವ ಆ ಪುಸ್ತಕದಲ್ಲಿ 'ಸಹಜ ಮೆದುಳು' ಎಂದು ಅಚ್ಚಾಗಿರುವುದು ನನ್ನ ಅಣ್ಣನ ಸ್ಕ್ಯಾನ್. ಉಯ್ಯಾಲೆಯಿಂದ ಬಿದ್ದಾಗಿನ ಹಣೆಯ ತಗ್ಗೂ ಅದರಲ್ಲಿದೆ. ಅದೇ ಫಿಲ್ಮ್ ನಮ್ಮ ಮನೆಯಲ್ಲಿದೆ. "ಏನಿಲ್ಲಪ್ಪ, ಕನ್ನಡಕ ಬದಲಾಯಿಸು" ಎಂದು, ಕಣ್ಣು ಮಂಜೆಂದು ಬಂದ ಅವನನ್ನು ಆ ಸ್ಕ್ಯಾನ್ ನೋಡಿ ಕಳಿಸಿದವರು ನೀವೇ. ಬೇರೆ ಪುಸ್ತಕ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಗೊತ್ತಾಯಿತು: ಕಣ್ಣಿನ ನರಗಳು ಕೂಡುವ ಜಾಗದ ಕೆಳಗೆ ಗಡ್ಡೆ ಆಗಲೇ ಇತ್ತು.

ಮುಂದಿನ ಮುದ್ರಣದಲ್ಲಿ ದಯವಿಟ್ಟು ಚಿತ್ರ ತೆಗೆಯಬೇಡಿ, ಅದರ ಕೆಳಗಿನ ಸಾಲನ್ನು ತಿದ್ದಿ. ಗಡ್ಡೆ ಆ ನರಗಳನ್ನು ಒತ್ತಿ ಅಣ್ಣನಿಗೆ ಈಗ ಅಕ್ಕಪಕ್ಕ ಏನೂ ಕಾಣುವುದಿಲ್ಲ. ನಾನು ಪಕ್ಕದಲ್ಲೇ ಊಟಕ್ಕೆ ಕೂತಿದ್ದರೂ, ಇನ್ನೂ ಬಂದಿಲ್ಲವೆಂದು ಕಾಯುತ್ತಾನೆ.

ಇತಿ,
ಅವನ ತಂಗಿ, ನಿಮ್ಮ ವಿದ್ಯಾರ್ಥಿನಿ