ಆಕ್ಸಿಲರೇಟರ್ ಮೇಲಿನ ಕಾಲು

ಅಪ್ಪಾ,

ನೀನು ಹೋಗಿ ಐದು ತಿಂಗಳಾದ ಮೇಲೆ, ಇವತ್ತು ನಿನ್ನ ಹಳೇ ಕಾರಿನ ಏಸಿಗೆ ಹೊಸ ಬಗೆಯ ಗ್ಯಾಸ್ ತುಂಬಿಸಿದೆ. ಹಳೆಯದು ಈಗ ಎಲ್ಲೂ ಸಿಗುವುದಿಲ್ಲ. ಹೊಸ ಗ್ಯಾಸಿಗೆ ಹೊಂದುವ ರಬ್ಬರ್ ವಾಷರ್, ಎಣ್ಣೆ ಹಾಕಲೆಂದು ಏಸಿ ಬಿಚ್ಚಿದ ಮೆಕ್ಯಾನಿಕ್ ತಲೆ ಕೆರೆದುಕೊಂಡ.

"ನಿಮ್ಮಪ್ಪ ಎಲ್ಲಾ ಹೊಸದು ಹಾಕಿಟ್ಟಿದ್ದಾರಲ್ರೀ. ಗ್ಯಾಸ್ ತುಂಬೋದೊಂದೇ ಬಾಕಿ. ತುಂಬೋವಾಗ ಯಾರಾದ್ರೂ ಆಕ್ಸಿಲರೇಟರ್ ಒತ್ತಿ ಹಿಡ್ಕೊಂಡಿದ್ರೆ ಅವತ್ತೇ ಮುಗೀತಿತ್ತು."

"ಅರ್ಧ ಗಂಟೆ ಬಂದು ಹೋಗು, ಒಬ್ಬನ ಕೈಲಾಗೋ ಕೆಲಸ ಅಲ್ಲ ಇದು" ಎಂದು ನೀನು ಮೂರು ಸಲ ಫೋನ್ ಮಾಡಿದ್ದೆ. ಸೆಕೆಯಾದರೆ ಕಿಟಕಿ ಇಳಿಸಿಕೋ ಎಂದು ನಾನು ರೇಗಿದ್ದೆ. ನಾಲ್ಕನೇ ಸಲ ಬೈದಾದರೂ ಕರೆಯಬಾರದಿತ್ತೇ?

ಇವತ್ತು ನಾನೇ ಒತ್ತಿ ಹಿಡಿದೆ. ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು.

"ಆಯ್ತು, ಕಾಲು ತೆಗೀರಿ" ಎಂದು ಮೆಕ್ಯಾನಿಕ್ ಎರಡು ಸಲ ಕೂಗಿದ. ನಾನು ತೆಗೆಯಲಿಲ್ಲ.